ಮಾಫಿ ಕೇಳುವ ಪೊಲೀಸು

ಆ ಡಿವಿಡಿ ಪ್ಲೇಯರ್ ನಮಗೆ ಸಿಕ್ಕಿದ್ದು ಬೀದಿಯಲ್ಲಿ. ಸಿಡ್ನಿಯಲ್ಲಿ ಕೌನ್ಸಿಲ್ ಕ್ಲೀನಪ್ ಅಂತ ಒಂದಿದೆ. ಮನೆಗೆ ಬೇಡವಾದ ಸೋಫಾ, ಮಂಚ, ಟೀವಿ ಎಲ್ಲವನ್ನೂ ಜನ ಫುಟ್‌ಪಾತಿನ ಮೇಲೆ ಗುಡ್ಡೆ ಹಾಕುತ್ತಾರೆ, ಆಮೇಲೆ ಕೌನ್ಸಿಲ್ ಲಾರಿ ಬಂದು ಎತ್ತಿಕೊಂಡು ಹೋಗುತ್ತದೆ. ಲಾರಿಗಿಂತ ಮುಂಚೆ ನಮ್ಮಂಥವರು ಬರುತ್ತಿದ್ದೆವು. ಈಗ ಯಾರನ್ನು ಕೇಳಿದರೂ ಒಪ್ಪುವುದಿಲ್ಲ ಬಿಡಿ, ಎಲ್ಲರೂ ಮಾರ್ಟ್‌ಗೇಜ್ ಕಟ್ಟುವ ದೊಡ್ಡ ಮನುಷ್ಯರಾಗಿಬಿಟ್ಟಿದ್ದಾರೆ. ಆದರೆ ನಾವು ಬಂದಿಳಿದ ಕಾಲಕ್ಕೆ, ನಾವಿದ್ದ ಹ್ಯಾರಿಸ್ ಪಾರ್ಕ್ ಬಡಾವಣೆಯಲ್ಲಿ ಯಾರ ಮನೆಗೆ ಹೋದರೂ ಒಂದು ಕುರ್ಚಿಯಾದರೂ ಬೀದಿಯದು ಇದ್ದೇ ಇರುತ್ತಿತ್ತು.

ನಾವು ಅಂದರೆ ನಾನು ಮತ್ತು ಅಕ್ಕ. ಒಡಹುಟ್ಟಿದವಳಲ್ಲ. ನಾನು ಮೈಸೂರಿನವಳು, ಅವಳು ಹುಬ್ಬಳ್ಳಿಯವಳು. ಇಬ್ಬರೂ ಒಬ್ಬೊಬ್ಬರೇ ಬಂದು, ಸ್ಟೇಷನ್ನಿಗೆ ಹತ್ತಿರದ ಒಂದು ಹಳೇ ಯೂನಿಟ್ಟನ್ನು, ಅಂದರೆ ಫ್ಲ್ಯಾಟನ್ನು, ಹಂಚಿಕೊಂಡಿದ್ದೆವು. ನಾನು ಪ್ಯಾರಮಟ್ಟಾದ ಆಫೀಸೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೆ. ಅವಳು ಸಿವಿಲ್ ಇಂಜಿನಿಯರ್, ಕಟ್ಟಡದವರಿಗೆ ಎಸ್ಟಿಮೇಟ್ ಮಾಡಿಕೊಡುವ ಕೆಲಸ. ನನಗಿಂತ ದೊಡ್ಡವಳು, ನನಗಿಂತ ಬಾಯಿ ಜೋರು. ನನ್ನ ಬಾಯಿಯೇನು ಕಡಿಮೆಯಲ್ಲ ಎಂದು ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು.

ಪ್ಲೇಯರನ್ನು ಅವಳೇ ಕಂಕುಳಲ್ಲಿ ಇರುಕಿಕೊಂಡು ಹೊರಟಳು. ನಾನು ಹಿಂದಿನಿಂದ ವೈರು ಎಳೆದುಕೊಂಡು ನಡೆದೆ.

"ಸುಮ್ನ ಬಾ, ಹಿಂದ ನೋಡಬ್ಯಾಡ. ಕಳ್ಳೀರ ಹಂಗ ಮಾರಿ ಮಾಡಬ್ಯಾಡ," ಅಂದಳು.

ಮನೆಗೆ ತಂದು ಟೀವಿಗೆ ಸಿಕ್ಕಿಸಿದರೆ ದೀಪವೇನೋ ಬಂತು, ತಟ್ಟೆ ಮಾತ್ರ ಆಚೆ ಬರಲೇ ಇಲ್ಲ. ಗುಂಡಿ ಒತ್ತಿದೆವು, ತಟ್ಟಿದೆವು, ಬೆಣ್ಣೆ ಹಚ್ಚುವ ಚಾಕು ತೂರಿಸಿ ಮೀಟಿದೆವು. ಜಪ್ಪಯ್ಯ ಅಂದರೂ ಇಲ್ಲ. ಕೊನೆಗೆ ಅಕ್ಕ ಸಿಟ್ಟಿನಿಂದ ಪ್ಲೇ ಗುಂಡಿಯನ್ನು ಗುದ್ದಿದಳು. ಒಳಗೆ ಗರಗರ ಸದ್ದಾಗಿ, ಟೀವಿಯ ಮೇಲೆ ಸಮುದ್ರ ಬಂತು. ಯಾವನೋ ಪುಣ್ಯಾತ್ಮ ಒಳಗೆ ಸಿಕ್ಕಿಹಾಕಿಕೊಂಡ ಸಿನಿಮಾದ ಸಮೇತ ಎಸೆದಿದ್ದ.

ಅದೊಂದು ಹಳೇ ಸಿನಿಮಾ. ಸಮುದ್ರದ ದಡದ ಪುಟ್ಟ ಊರು, ಅಲ್ಲೊಬ್ಬ ಉದ್ದನೆಯ ಪೊಲೀಸು, ಉದ್ದ ಮೂತಿ, ಅದಕ್ಕಿಂತ ಉದ್ದದ ಮೀಸೆ. ಸೈಕಲ್ ಹತ್ತಿದರೆ ಚೈನು ಕಳಚುತ್ತದೆ, ಸೀಟಿ ಊದಿದರೆ ಬಟಾಣಿ ಹೊರಗೆ ಹಾರುತ್ತದೆ. ಊರಿನ ಮೇಯರನ ಬಾತುಕೋಳಿಗಳನ್ನು ಔತಣದ ಹಿಂದಿನ ದಿನ ಯಾರೋ ಬಿಟ್ಟು ಓಡಿಸಿದ್ದಾರೆ, ಅವುಗಳನ್ನು ಹಿಡಿಯುವುದೇ ಇವನ ಕೆಲಸ. ನಮ್ಮ ಹತ್ತಿರ ರಿಮೋಟ್ ಇರಲಿಲ್ಲ, ಹಾಗಾಗಿ ಇಂಗ್ಲಿಷ್ ಅಕ್ಷರ ತರಿಸುವ ದಾರಿಯೂ ಇರಲಿಲ್ಲ. ಭಾಷೆ ಫ್ರೆಂಚ್ ಅಂತ ನಾನು, ಇಟಾಲಿಯನ್ ಅಂತ ಅಕ್ಕ. ಠಾಣೆಯ ಮೇಲಿನ ಬಾವುಟ ತೋರಿಸಿ ನಾನು ಗೆದ್ದೆ.

ಗೆದ್ದ ಹುರುಪಿನಲ್ಲಿ ಪಾಠವನ್ನೂ ಹೇಳಿದೆ. ಫ್ರೆಂಚಿನಲ್ಲಿ ಹೌದು ಅನ್ನುವುದಕ್ಕೆ 'ಔಯಿ' ಅನ್ನುತ್ತಾರೆ ಅಕ್ಕ ಅಂದೆ. ಎಲ್ಲೋ ಪುಸ್ತಕದಲ್ಲಿ ಅಕ್ಷರ ಕೂಡಿಸಿ ಓದಿದ್ದೆ, ಕಿವಿಯಲ್ಲಿ ಕೇಳಿದ್ದಲ್ಲ. ಅಕ್ಕ ಸಿನಿಮಾ ಪೂರ್ತಿ ಕಾದಳು. "ಎಲ್ಲೈತಿ ನಿನ್ನ ಔಯಿ? ಒಬ್ಬನೂ ಹೌದು ಅನ್ನವಲ್ಲ ಈ ಊರಾಗ," ಅಂದಳು. ನಾನು ಏನೋ ಒಂದು ಸಮಜಾಯಿಷಿ ಕೊಟ್ಟೆ.

ಬೇರೆ ಟೀವಿ ಕನೆಕ್ಷನ್ ಇರಲಿಲ್ಲ, ಬೇರೆ ಸಿನಿಮಾ ಹಾಕುವ ಹಾಗಿರಲಿಲ್ಲ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಬೀದಿಯಿಂದಲೇ ಬಂದ ಸೋಫಾದ ಮೇಲೆ ಕಾಲು ಮಡಚಿ ಕೂತು, ಅದನ್ನೇ ನೋಡಿದೆವು. ಮುಂದಿನ ಭಾನುವಾರವೂ ಅದನ್ನೇ. ಎಷ್ಟು ಸಲ ಅಂತ ಸುಮ್ಮನೆ ಕೂರುವುದು? ಅಕ್ಕ ಪೊಲೀಸಿಗೆ ಹುಬ್ಬಳ್ಳಿ ಮಾತು ಕೊಟ್ಟಳು. ಮೇಯರನಿಗೂ ಪಾದ್ರಿಗೂ ಮೀನಿನಂಗಡಿಯ ಹೆಂಗಸಿಗೂ ನಾನು ಮೈಸೂರಿನ ಮಾತು ಕೊಟ್ಟೆ. ಪೊಲೀಸು ಬಾಯಿ ತೆರೆದರೆ "ಏನಲೇ ಮಗನ, ಎಲ್ಲಿಟ್ಟೀ ಬಾತುಕೋಳಿ?" ಅಂತ ಅಕ್ಕ, ಮೇಯರ್ ತಿರುಗಿದರೆ "ಏನ್ರೀ ಇದು ಅನ್ಯಾಯ, ನಮ್ಮನೇ ಔತಣ ಹಾಳಾಯ್ತಲ್ರೀ" ಅಂತ ನಾನು. ಪೇದೆಗಳು ಸಾಹೇಬನ ಮುಂದೆ ನಿಂತು 'ವೀ, ವೀ' ಅನ್ನುತ್ತಿದ್ದರು. ಅದಕ್ಕೆ ಮಾತ್ರ ನಾವು ಮಾತು ಕೊಡಲಿಲ್ಲ. ಅಕ್ಕನ ಪ್ರಕಾರ ಅದು ಮಾತೇ ಅಲ್ಲ. "ಸಾಹೇಬನ್ನ ಕಂಡ್ರ ಹಂದಿಮರಿ ಹಂಗ ಕಿರಚ್ತಾವ ನೋಡು," ಅಂತ ನಗುತ್ತಿದ್ದಳು.

ಕಥೆಯ ಜೀವ ಇದ್ದದ್ದು ಬಾತುಕೋಳಿಯಲ್ಲಿ ಅಲ್ಲ, ಒಂದು ಹುಡುಗಿಯಲ್ಲಿ. ತಲೆಗೆ ಕೆಂಪು ಸ್ಕಾರ್ಫ್ ಕಟ್ಟಿದ ಹುಡುಗಿ. ಶುರುವಿನಲ್ಲೇ ಪೊಲೀಸು ಅವಳ ಮೇಲೆ ಕೂಗಾಡಿ, ಠಾಣೆಯ ಮೇಲಂತಸ್ತಿನ ಕೋಣೆಯಲ್ಲಿ ಕೂಡಿಹಾಕುತ್ತಾನೆ. ಅವಳು ಕಿಟಕಿ ಹಾರಿ ಓಡಿಹೋಗುತ್ತಾಳೆ. ಅಲ್ಲಿಂದ ಮುಂದೆ ಇವನು ಮೀನಿನಂಗಡಿ, ಚರ್ಚು, ಕ್ಷೌರದಂಗಡಿ, ಎಲ್ಲಿ ಹೋದರೂ ಟೋಪಿ ತೆಗೆದು 'ಮಾಫಿ, ಮಾಫಿ' ಅನ್ನುತ್ತಾನೆ. ಮೊದಲ ಸಲ ಅದು ಕಿವಿಗೆ ಬಿದ್ದಾಗ ಅಕ್ಕ ಸೋಫಾದಿಂದ ಎದ್ದೇ ನಿಂತಳು.

"ಕೇಳಿದೇನು? ಮಾಫಿ ಅಂತಾನ! ಮಾಫಿ ಕೇಳ್ತಾನವಾ ಅವ! ತಪ್ಪು ಮಾಡದ ಹುಡುಗೀನ್ನ ಕೂಡಿ ಹಾಕಿದ್ದಕ್ಕ ಊರ ತುಂಬ ಮಾಫಿ ಕೇಳ್ಕೋತ ಹೊಂಟಾನ! ಹುಬ್ಬಳ್ಳ್ಯಾಗ ಇಂಥಾ ಪೊಲೀಸನ್ನ ನಾ ನೋಡಿಲ್ಲ ನೋಡು."

ನಮ್ಮ ಕಡೆ ಕ್ಷಮಿಸಿ ಅನ್ನುತ್ತೇವೆ, ಈಗ ಅದೂ ಹೋಗಿ ಸಾರಿ ಆಗಿದೆ. ಅವರ ಕಡೆ ಮಾಫಿ. ಅವಳ ಭಾಷೆಯ ಪದ ಫ್ರೆಂಚ್ ಪೊಲೀಸನ ಬಾಯಲ್ಲಿ ಬಂತಲ್ಲ ಅಂತ ಅವಳಿಗೆ ಎಲ್ಲಿಲ್ಲದ ಸಡಗರ. ಕೊನೆಗೆ ಹುಡುಗಿ ಹಡಗುಕಟ್ಟೆಯ ತುದಿಯಲ್ಲಿ ಸಿಗುತ್ತಾಳೆ, ಸುತ್ತ ಬಾತುಕೋಳಿಗಳು. ಪೊಲೀಸು ಟೋಪಿಯನ್ನು ಎದೆಗೆ ಒತ್ತಿಕೊಂಡು ಮೆಲ್ಲಗೆ 'ಮಾಫಿ' ಅನ್ನುತ್ತಾನೆ. ಹುಡುಗಿ 'ಪಾಪಾ' ಅನ್ನುತ್ತಾಳೆ. ನನಗೆ ಅಲ್ಲಿ ಒಂದು ಅನುಮಾನ ಬಂದಿತ್ತು.

"ಅಕ್ಕ, ಪಾಪಾ ಅಂದ್ರೆ ಅಪ್ಪ ಅಂತ ಇರಬಹುದಾ?"

"ಸುಮ್ನ ಕೂಡು. ಸ್ವಂತ ಮಗಳನ್ನ ಯಾರರ ಹಂಗ ಕೂಡಿ ಹಾಕ್ತಾರೇನು? ಪಾಪ ಅಂತಾಳ, ಪಾಪ. ಕನಿಕರ ಬಂದೈತಿ ಅಕಿಗೆ."

ಆಮೇಲೆ ಸಂಗೀತ ಜೋರಾಗುತ್ತದೆ, ಹುಡುಗಿ ಕೈ ಬೀಸಿ ನಕ್ಕು ಏನೋ ಹೇಳುತ್ತಾಳೆ, ಅದು ಕೇಳಿಸುವುದಿಲ್ಲ. ಅಲ್ಲಿ ಅಕ್ಕ ತಾನೇ ಮಾತು ಹಾಕಿದ್ದಳು: "ಇರ್ಲಿ ಬಿಡ್ರಿ." ಅಷ್ಟೇ, ಸಿನಿಮಾ ಮುಗಿಯಿತು.

ಮನೆಯಲ್ಲಿ ಅದೇ ರೂಢಿಯಾಯಿತು. ಹಾಲು ಉಕ್ಕಿಸಿದವಳು 'ಮಾಫಿ' ಅನ್ನಬೇಕು, ಇನ್ನೊಬ್ಬಳು 'ಇರ್ಲಿ ಬಿಡ್ರಿ' ಅನ್ನಬೇಕು. ಬಾತ್‌ರೂಮಿನಲ್ಲಿ ಹೆಚ್ಚು ಹೊತ್ತು ನಿಂತಿದ್ದಕ್ಕೆ ಮಾಫಿ, ಕೊತ್ತಂಬರಿ ಮರೆತು ಬಂದಿದ್ದಕ್ಕೆ ಮಾಫಿ. ನಮ್ಮಂಥ ಜಗಳಗಂಟಿಯರು ಒಂದೇ ಸೂರಿನಡಿ ಬಾಳಿದ್ದು ಆ ಎರಡು ಮಾತಿನಿಂದ. ನಿಜವಾದ ಅರ್ಥ ಹುಡುಕಬಾರದು ಅಂತಲೂ ಒಪ್ಪಂದ ಮಾಡಿಕೊಂಡೆವು. "ತಿಳ್ಕೊಂಡ್ರ ಮಜಾ ಹೋಗತೈತಿ," ಅಂದಿದ್ದಳು ಅಕ್ಕ. ಓದಿದವರು ನಾವು, ಡಿಗ್ರಿ ಮೇಲೆ ಡಿಗ್ರಿ! ಒಂದು ಸಲ, ಒಂದೇ ಒಂದು ಸಲ ಯಾರನ್ನಾದರೂ ಕೇಳಿದ್ದರೆ ಏನಾಗುತ್ತಿತ್ತು? ಈಗ ತಲೆ ಚಚ್ಚಿಕೊಂಡು ಪ್ರಯೋಜನವಿಲ್ಲ.

ಇಷ್ಟೆಲ್ಲ ನಗುವಿನ ಕೆಳಗೆ ಅಕ್ಕನಿಗೊಂದು ಸಂಕಟವಿತ್ತು. ಹುಬ್ಬಳ್ಳಿಯಲ್ಲಿ ಅವಳ ಮಗಳಿದ್ದಳು. ಇವಳು ವಿಮಾನ ಹತ್ತಿದಾಗ ಆ ಕೂಸಿಗೆ ಇನ್ನೂ ಎರಡು ತುಂಬಿರಲಿಲ್ಲ. ವೀಸಾ ಬಂದಿತ್ತು, ಇಂತಿಷ್ಟರೊಳಗೆ ಬಂದಿಳಿಯಬೇಕಿತ್ತು. ಗಂಡನ ತಾಯಿಗೆ ಹುಷಾರಿಲ್ಲ, ಅವರನ್ನು ಬಿಟ್ಟು ಗಂಡ ಹೊರಡುವ ಹಾಗಿಲ್ಲ. ನೀನು ಮೊದಲು ಹೋಗು, ಕೆಲಸ ಸಿಗಲಿ, ಮನೆ ಮಾಡು, ಆರು ತಿಂಗಳಿಗೆ ನಾವು ಬರುತ್ತೇವೆ ಎಂದು ಎಲ್ಲರೂ ಸೇರಿ ತೀರ್ಮಾನ ಮಾಡಿದರು. ಆರು ತಿಂಗಳು ಎರಡು ವರ್ಷ ದಾಟಿತು. ಫೋನಿನಲ್ಲಿ ಕೂಸು ಮೊದಮೊದಲು ಅಳುತ್ತಿತ್ತು, ಆಮೇಲೆ ಅಳುವುದನ್ನು ನಿಲ್ಲಿಸಿತು, ಆಮೇಲೆ ಫೋನಿಗೇ ಬರುವುದನ್ನು ನಿಲ್ಲಿಸಿತು. ಅಕ್ಕ ಫೋನ್ ಇಟ್ಟು ಅಡುಗೆಮನೆಗೆ ಹೋಗಿ ಒಗ್ಗರಣೆ ಹಾಕುತ್ತಿದ್ದಳು. ಆ ಹೊತ್ತಿನಲ್ಲಿ ನಾನು ಆ ಕಡೆ ಹೋಗುತ್ತಿರಲಿಲ್ಲ.

ಕೊನೆಗೆ ಭಾವ ಮಗಳನ್ನು ಕರೆದುಕೊಂಡು ಬಂದರು. ಏರ್‌ಪೋರ್ಟಿಗೆ ನಾನೂ ಹೋಗಿದ್ದೆ. ಅಕ್ಕ ಹಿಂದಿನ ದಿನವೇ ಶೇಂಗಾ ಹೋಳಿಗೆ ಮಾಡಿ, ಡಬ್ಬಿಯಲ್ಲಿ ಹಾಕಿ ಕೈಯಲ್ಲಿ ಹಿಡಿದಿದ್ದಳು. ನಾಲ್ಕು ವರ್ಷದ ಹುಡುಗಿ ಅಪ್ಪನ ಕಾಲಿನ ಹಿಂದೆ ಅಡಗಿ ಇವಳನ್ನು ಮೇಲಿಂದ ಕೆಳಗೆ ನೋಡಿದಳು. ಅಪ್ಪ "ಯಾರಿದು ಹೇಳು?" ಅಂದರು. ಹುಡುಗಿ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಅಕ್ಕನಿಗೆ "ನಮಸ್ಕಾರ ಆಂಟಿ" ಅಂದಳು.

ಅಯ್ಯೋ, ಆ ಮುಖವನ್ನು ನಾನು ಹೇಗೆ ಮರೆಯಲಿ! ಅಕ್ಕ ನಕ್ಕಳು, ಡಬ್ಬಿ ಮುಚ್ಚಳ ತೆಗೆದು ಹೋಳಿಗೆ ಕೊಟ್ಟಳು. ಟ್ರೇನಿನಲ್ಲಿ ಹ್ಯಾರಿಸ್ ಪಾರ್ಕಿನವರೆಗೂ ಆ ಡಬ್ಬಿಯ ಮುಚ್ಚಳವನ್ನು ತೆಗೆಯುತ್ತ, ಮುಚ್ಚುತ್ತ ಕೂತಿದ್ದಳು.

ನಾನು ಅದೇ ಬಿಲ್ಡಿಂಗಿನಲ್ಲಿ ಬೇರೆ ಯೂನಿಟ್ಟಿಗೆ ಹೋದೆ, ಆದರೆ ಭಾನುವಾರದ ಸಿನಿಮಾ ತಪ್ಪಲಿಲ್ಲ. ಹುಡುಗಿ ಮನೆಯಲ್ಲಿ ನಗುತ್ತಿದ್ದದ್ದು ಆ ಪೊಲೀಸನನ್ನು ನೋಡಿದಾಗ ಮಾತ್ರ. ಚೈನು ಕಳಚಿದರೆ ಬಿದ್ದು ಬಿದ್ದು ನಗುತ್ತಿದ್ದಳು. ಅಕ್ಕ ಅದನ್ನೇ ಹಿಡಿದುಕೊಂಡಳು. ಬೆಳಿಗ್ಗೆ ಸ್ಕೂಲಿಗೆ ಹೊರಟ ಮಗಳ ಕೈಗೆ ಊಟದ ಡಬ್ಬಿ ಕೊಡುವಾಗ, ಪೊಲೀಸನ ಹಾಗೆ ಇಲ್ಲದ ಟೋಪಿಯನ್ನು ತೆಗೆದು ಎದೆಗೆ ಒತ್ತಿಕೊಂಡು 'ಮಾಫಿ' ಅನ್ನುತ್ತಿದ್ದಳು. ನೋಡಿದವರಿಗೆ ತಮಾಷೆ. ನನಗೆ ಗೊತ್ತಿತ್ತು, ಅದು ತಮಾಷೆಯಲ್ಲ.

"ಒಂದು ದಿನ ಆಕಿ 'ಇರ್ಲಿ ಬಿಡ್ರಿ' ಅಂತಾಳ ನೋಡು. ಅವತ್ತು ನಂದು ಮುಗೀತು. ಅಲ್ಲೀತನಕಾ ನಾ ಬಿಡಾಂಗಿಲ್ಲ," ಅಂದಿದ್ದಳು ನನಗೆ.

"ಅಷ್ಟು ಸಣ್ಣ ಮಗುಗೆ ಏನು ತಿಳಿಯತ್ತೆ ಅಕ್ಕ? ಕೂತ್ಕೊಂಡು ನೇರವಾಗಿ ಹೇಳು, ಪುಟ್ಟಿ, ನಿನ್ನ ಬಿಟ್ಟು ಬಂದೆ, ತಪ್ಪಾಯ್ತು ಅಂತ."

"ಹೇಳಾಕ ಬರಾಂಗಿಲ್ಲವಾ ನನಗ. ಬಾಯಿ ತೆಗೆದ್ರ ಅಳು ಬರತೈತಿ. ಹಿಂಗಾರ ಹೇಳ್ತೇನಿ."

ಎಂಥ ಬಾಯಿ ಅವಳದು! ಕಂಟ್ರಾಕ್ಟರುಗಳನ್ನು ಬೆವರಿಳಿಸುತ್ತಿದ್ದ ಬಾಯಿ. ಮಗಳ ಮುಂದೆ ಮಾತ್ರ ಒಂದು ಪದಕ್ಕಿಂತ ಹೆಚ್ಚು ಹೊರಡಲಿಲ್ಲ. ಹುಡುಗಿ ಡಬ್ಬಿ ಈಸಿಕೊಂಡು ಭುಜ ಕುಣಿಸಿ ಹೋಗುತ್ತಿದ್ದಳು.

ಹುಡುಗಿಗೆ ಏಳಾಗುವ ಹೊತ್ತಿಗೆ ಅವರು ಮೆಲ್ಬರ್ನಿಗೆ ಹೋದರು. ಸಿಡ್ನಿಯಲ್ಲಿ ಮನೆ ಕೊಳ್ಳುವುದು ಆಗದ ಮಾತು, ಮೆಲ್ಬರ್ನಿನ ಅಂಚಿನ ವೆರಿಬೀಯಲ್ಲಿ ಅಂಗಳವಿರುವ ಮನೆ ಸಿಗುತ್ತದೆ ಅಂತ ಭಾವ ನೋಡಿ ಬಂದಿದ್ದರು. ಪ್ಲೇಯರನ್ನು ಅಕ್ಕ ಕಂಬಳಿಯಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಮಗಳಿಗೆ ಕಟ್ಟುವ ಹಾಗೆ ಅದಕ್ಕೂ ಸೀಟ್ ಬೆಲ್ಟ್ ಕಟ್ಟಿದಳು. ನಾನು ಬೀದಿಯಲ್ಲಿ ನಿಂತು ಕೈ ಬೀಸಿದೆ. ಅವತ್ತಿನ ಭಾನುವಾರ ಏನು ಮಾಡಬೇಕೆಂದು ತಿಳಿಯದೆ ಮನೆಯೆಲ್ಲ ಗುಡಿಸಿದೆ.

ಅಲ್ಲಿಂದ ನಮ್ಮದು ಫೋನಿನ ಸಂಬಂಧ. ವರ್ಷಕ್ಕೊಮ್ಮೆ ನಾನು ಹೋಗುತ್ತಿದ್ದೆ, ಅದೂ ಒಮ್ಮೊಮ್ಮೆ ತಪ್ಪುತ್ತಿತ್ತು. ಏನೆಲ್ಲ ಹರಟಿದರೂ ಕೊನೆಯಲ್ಲಿ ಅಕ್ಕನ ಒಂದು ವರದಿ ಇರುತ್ತಿತ್ತು. "ಇನ್ನೂ ಅಂದಿಲ್ಲ." ನಾನು "ಅಂತಾಳೆ ಬಿಡು," ಅನ್ನುತ್ತಿದ್ದೆ. ಮಗಳು ಕನ್ನಡ ಕೇಳಿಸಿಕೊಳ್ಳುತ್ತಾಳೆ, ಉತ್ತರವೆಲ್ಲ ಇಂಗ್ಲಿಷು. ಮುನಿಸು ಮಾತ್ರ ಯಾವ ಭಾಷೆಯೂ ಬೇಕಿಲ್ಲದ ಹಾಗೆ ಎದ್ದು ಕಾಣುತ್ತಿತ್ತು. ಅಮ್ಮ ತಲೆ ಬಾಚಲು ಬಂದರೆ ಅಪ್ಪನ ಹತ್ತಿರ ಹೋಗುವುದು, ಸ್ಕೂಲಿನ ಸುದ್ದಿಯನ್ನು ಅಪ್ಪನಿಗೆ ಮಾತ್ರ ಹೇಳುವುದು. ಆಮೇಲೆ ಹುಡುಗಿ ಹೈಸ್ಕೂಲು ಸೇರಿದ ವರ್ಷ ಅಕ್ಕ ಹೊಸ ದೂರು ತಂದಳು.

"ಈಗ ಹೊಸಾದು ಶುರು ಮಾಡ್ಯಾಳ. ನಾ ಮಾಫಿ ಅಂದ್ರ ಸಾಕು, ಪೇದಿ ಹಂಗ 'ವೀ' ಅಂತಾಳ."

"ವೀ?"

"ವೀ! ಸಿನಿಮಾದಾಗ ಹಂದಿಮರಿ ಹಂಗ ಕಿರಚ್ತಾರಲ್ಲ, ಅದ. ಅಣಗಸ್ತಾಳ ನನ್ನ. ನಕ್ಕೋತ 'ವೀ' ಅಂದು ಬಾಗಲಾ ಹಾಕ್ಕೊಂಡು ಹೋಗ್ತಾಳ."

ನಾನು ನಕ್ಕುಬಿಟ್ಟೆ. "ನಿನ್ನ ಮಗಳಲ್ವಾ, ಇನ್ನೇನು ಅಂತಾಳೆ?" ಅಂದೆ. ಅಕ್ಕನೂ ನಕ್ಕಳು, ಆದರೆ ಅರ್ಧಕ್ಕೆ ನಿಲ್ಲಿಸಿದಳು. ಮನೆಯಲ್ಲಿ ಈಗ ಮೊದಲಿನಷ್ಟು ಬಿಗುವಿಲ್ಲ, ಮಗಳು ಬಂದು ಪಕ್ಕದಲ್ಲಿ ಕೂರುತ್ತಾಳೆ, ಒಮ್ಮೊಮ್ಮೆ ಹೆಗಲಿಗೆ ತಲೆ ಆನಿಸುತ್ತಾಳೆ ಅಂತ ಅವಳೇ ಹೇಳುತ್ತಿದ್ದಳು. ಆದರೂ ಅವಳಿಗೆ ಆ ಮಾತೇ ಬೇಕಿತ್ತು. ಹಟಮಾರಿ ಹೆಂಗಸು. ಎದುರಿಗಿದ್ದಿದ್ದರೆ ಇವತ್ತೂ ಬೈಯುತ್ತಿದ್ದೆ.

ಹೋದ ವರ್ಷ ಅಕ್ಕನಿಗೆ ಕಾಯಿಲೆ ಅಂತ ತಿಳಿಯಿತು. ತಿಳಿಯುವಾಗಲೇ ಡಾಕ್ಟರ ಕೈ ಮೀರಿತ್ತು. ನಾನು ರಜ ಹಾಕಿ ಮೆಲ್ಬರ್ನಿಗೆ ಹೋದೆ. ಆಸ್ಪತ್ರೆಯ ಕಿಟಕಿಯ ಪಕ್ಕ ಮಂಚ, ಬೆಳಗಿನ ಬಿಸಿಲು, ಅವಳ ಕೈ ಒಣಗಿದ ಕಡ್ಡಿಯಾಗಿತ್ತು. ಮಗಳು ಆಗಷ್ಟೇ ನನಗೆ ಕಾಫಿ ತರುತ್ತೇನೆಂದು ಕೆಳಗೆ ಹೋಗಿದ್ದಳು. ಯೂನಿವರ್ಸಿಟಿಗೆ ಹೋಗುವ ಹುಡುಗಿ, ಅಮ್ಮನಷ್ಟೇ ಎತ್ತರ. ಎರಡು ವಾರದಿಂದ ಅಮ್ಮನ ಪಕ್ಕ ಬಿಟ್ಟು ಕದಲಿರಲಿಲ್ಲ.

"ನೋಡವಾ," ಅಂದಳು ಅಕ್ಕ. "ನಿನ್ನೆನೂ ಕೇಳಿದ್ನಿ. ನಿನ್ನೆನೂ 'ವೀ' ಅಂದ್ಲು. ಕೈ ಹಿಡ್ಕೊಂಡು ಅಂದ್ಲು, ಅಣಗಿಸಲಿಲ್ಲ. ಆದ್ರೂ ಅನ್ಲಿಲ್ಲ ನೋಡು ಅದನ್ನ."

"ನಾನು ಹೇಳ್ಲಾ ಅವಳಿಗೆ? ನಿಮ್ಮಮ್ಮ ಇದನ್ನ ಕಾಯ್ತಿದ್ದಾಳೆ ಅಂತ?"

"ಬ್ಯಾಡ. ಹೇಳಿಕೊಟ್ಟು ಅನಸೂದು ಏನ್ ಬಂತು? ತಾನಾಗಿ ಅನಬೇಕು."

ಹುಡುಗಿ ಕಾಫಿ ಹಿಡಿದು ಬಂದಳು. ಅಕ್ಕ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು, ಬಾಯಿ ಬಿಡಬೇಡ ಅಂತ. ತಾಯಿ ಮಗಳ ನಡುವಿನದು, ನಾನ್ಯಾಕೆ ಮೂಗು ತೂರಿಸಲಿ ಅಂದುಕೊಂಡು ಕಾಫಿ ಕುಡಿದೆ. ನಾನು ಸಿಡ್ನಿಗೆ ಮರಳಿದ ವಾರದಲ್ಲೇ ಅಕ್ಕ ಹೋದಳು.

ಕೆಲವು ತಿಂಗಳು ಬಿಟ್ಟು ಹುಡುಗಿ ಫೋನ್ ಮಾಡಿದಳು. ಗರಾಜು ಖಾಲಿ ಮಾಡುತ್ತಿದ್ದೇವೆ, ಆ ಪ್ಲೇಯರ್ ನಿಮಗೆ ಬೇಕಾ ಆಂಟಿ, ಇಲ್ಲವಾದರೆ ಹಾರ್ಡ್ ರಬ್ಬಿಶ್‌ಗೆ ಇಡಬೇಕು ಅಂದಳು. ಸಿಡ್ನಿಯಲ್ಲಿ ಕೌನ್ಸಿಲ್ ಕ್ಲೀನಪ್ ಅನ್ನುವುದಕ್ಕೆ ಮೆಲ್ಬರ್ನಿನಲ್ಲಿ ಹಾರ್ಡ್ ರಬ್ಬಿಶ್ ಅನ್ನುತ್ತಾರೆ. ಬೀದಿಯಿಂದ ಬಂದದ್ದು ಬೀದಿಗೆ ಹೋಗುವುದು ಬೇಡ, ನಾನು ಬರುತ್ತೇನೆ ಇರು ಅಂದೆ.

ಶನಿವಾರ ಬೆಳಿಗ್ಗೆ ವೆರಿಬೀ ತಲುಪಿದೆ. ಭಾವ ನನ್ನನ್ನು ನೋಡಿ ಕಣ್ಣೊರೆಸಿಕೊಂಡು, ತರಕಾರಿ ತರುವ ನೆಪದಲ್ಲಿ ಹೊರಗೆ ಹೋದರು. ನಾನೂ ಹುಡುಗಿಯೂ ಪ್ಲೇಯರನ್ನು ಒರೆಸಿ ಹಾಲಿಗೆ ತಂದೆವು. ಕೆಂಪು, ಬಿಳಿ, ಹಳದಿ ವೈರುಗಳನ್ನು ಹಿಡಿದು ಹೊಸ ಟೀವಿಯ ಹಿಂದೆ ಮುಂದೆ ಹುಡುಕಿದೆವು, ಸಿಕ್ಕಿಸಲು ತೂತೇ ಇಲ್ಲ. ಹುಡುಗಿ ನಕ್ಕು, ಅದೇ ಸಿನಿಮಾ ಇಂಟರ್‌ನೆಟ್ಟಿನಲ್ಲಿದೆ ಆಂಟಿ, ಸಬ್‌ಟೈಟಲ್ ಸಮೇತ ಇದೆ ಅಂತ ಲ್ಯಾಪ್‌ಟಾಪ್ ತೆರೆದಳು.

"ಬೇಡ ಕಣೇ," ಅಂದೆ. ಒಪ್ಪಂದ ನೆನಪಾಗಿತ್ತು. ಅಷ್ಟರಲ್ಲಿ ಸಮುದ್ರ ಬಂದುಬಿಟ್ಟಿತ್ತು.

ಚೈನು ಕಳಚಿತು, ಬಟಾಣಿ ಹಾರಿತು, ಹುಡುಗಿ ನಾಲ್ಕು ವರ್ಷದವಳ ಹಾಗೆಯೇ ನಕ್ಕಳು. ನನ್ನ ಬಾಯಲ್ಲಿ ಮೇಯರನ ಮಾತು ತಾನಾಗಿ ಬಂತು, ಪೊಲೀಸನ ಮಾತಿಗೆ ಮಾತ್ರ ಯಾರೂ ಇರಲಿಲ್ಲ. ಕೆಂಪು ಸ್ಕಾರ್ಫಿನವಳು ಕಿಟಕಿ ಹಾರಿದಳು. ಪೊಲೀಸು ಮೀನಿನಂಗಡಿಗೆ ಓಡಿ, ಟೋಪಿ ತೆಗೆದು 'ಮಾಫಿ' ಅಂದ. ಕೆಳಗೆ ಬಿಳಿ ಅಕ್ಷರ ಬಂತು. ನನ್ನ ಮಗಳು. ನನ್ನ ಮಗಳನ್ನು ನೋಡಿದಿರಾ?

ಚರ್ಚಿನಲ್ಲೂ ಅದೇ. ಕ್ಷೌರದಂಗಡಿಯಲ್ಲೂ ಅದೇ. ನನ್ನ ಮಗಳು, ನನ್ನ ಮಗಳು. ನಾವು ಅಷ್ಟು ವರ್ಷ ತಪ್ಪೊಪ್ಪಿಕೊಳ್ಳುವ ಪೊಲೀಸು ಅಂದುಕೊಂಡವನು ಊರೆಲ್ಲ ಮಗಳನ್ನು ಹುಡುಕುತ್ತಿದ್ದ ಅಪ್ಪ! ಆ 'ಪಾಪಾ' ಕನಿಕರವೂ ಅಲ್ಲ, ಮಣ್ಣೂ ಅಲ್ಲ. ಅಕ್ಕ ಇದ್ದಿದ್ದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ನಾನು ನಗಲು ಬಾಯಿ ತೆರೆದೆ, ಅಷ್ಟರಲ್ಲಿ ಹುಡುಗಿ ಮಾತು ಶುರು ಮಾಡಿದಳು. ಇಂಗ್ಲಿಷಿನಲ್ಲೇ ಹೇಳಿದಳು, ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ.

ಹೈಸ್ಕೂಲಿನ ಮೊದಲ ವರ್ಷ ಅವಳು ಫ್ರೆಂಚ್ ತೆಗೆದುಕೊಂಡಿದ್ದಳಂತೆ. ಒಂದು ದಿನ ಟೀಚರು ಮನೆಯವರನ್ನು ಕರೆಯುವ ಪದಗಳನ್ನು ಹೇಳಿಕೊಟ್ಟರು. 'ಮಾ ಫೀ' ಅಂದರೆ ನನ್ನ ಮಗಳು. ಇವಳಿಗೆ ಕ್ಲಾಸಿನಲ್ಲೇ ಅಳು ಬಂತು. ಅಮ್ಮ ನನ್ನನ್ನು ಬಿಟ್ಟು ಹೋದವಳು, ನಾನು ಅವಳಿಗೆ ಬೇಕಿರಲಿಲ್ಲ ಎಂದು ಅಲ್ಲಿಯವರೆಗೂ ಒಳಗೊಳಗೇ ಕುದಿಯುತ್ತಿದ್ದಳಂತೆ. "ಆಂಟಿ, ಶೀ ವಾಸ್ ಸೇಯಿಂಗ್ ಇಟ್ ಎವ್ರಿ ಮಾರ್ನಿಂಗ್. ದಿನಾ ಬೆಳಿಗ್ಗೆ ಲಂಚ್ ಬಾಕ್ಸ್ ಕೊಡ್ತಾ ನನ್ನ ಮಗಳು, ನನ್ನ ಮಗಳು ಅಂತಿದ್ಲು ಅಮ್ಮ. ಐ ಜಸ್ಟ್ ಡಿಡಂಟ್ ನೋ." ಅವತ್ತಿಗೆ ಎಲ್ಲ ಸಿಟ್ಟೂ ಇಳಿದುಹೋಯಿತು ಅಂದಳು. ಮಾರನೆಯ ಬೆಳಿಗ್ಗೆ ಅಮ್ಮ ಹಾಗೆ ಕರೆದಾಗ ಮೊದಲ ಸಲ ಉತ್ತರ ಕೊಟ್ಟಳಂತೆ.

"ಏನು ಉತ್ತರ?" ಅಂದೆ. ನನಗೆ ಗೊತ್ತಿತ್ತು, ಆದರೂ ಕೇಳಿದೆ.

"ವೀ ಅಂದೆ. ವೀ ಅಂದ್ರೆ ಯೆಸ್ ಅಲ್ವಾ, ಆಂಟಿ."

ಬರೆಯುವುದು ಓ-ಯು-ಐ, ಅನ್ನುವುದು ವೀ. ನಾನು ಔಯಿ ಅಂತ ಪಾಠ ಹೇಳಿಕೊಟ್ಟಿದ್ದೆನಲ್ಲ, ಅದು. ಥೂ ನನ್ನ ಪಾಂಡಿತ್ಯಕ್ಕೆ! ಲ್ಯಾಪ್‌ಟಾಪಿನಲ್ಲಿ ಪೇದೆಗಳು ಸಾಲಾಗಿ ನಿಂತು ವೀ, ವೀ ಅನ್ನುತ್ತಿದ್ದರು, ಕೆಳಗೆ ಹೌದು, ಹೌದು ಅಂತ ಬರುತ್ತಿತ್ತು. ನನಗೆ ತಡೆಯಲಾಗಲಿಲ್ಲ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಹುಡುಗಿ ಹೆದರಿ ಸಿನಿಮಾ ನಿಲ್ಲಿಸಿದಳು. ಏನಾಯಿತು, ಯಾಕೆ ಅಳುತ್ತೀರಿ ಅಂತ ನನ್ನ ಕೈ ಹಿಡಿದುಕೊಂಡಳು.

ಹೇಳಬಾರದಿತ್ತೋ ಏನೋ, ಈಗಲೂ ನನಗೆ ಗೊತ್ತಿಲ್ಲ. ಅಮ್ಮ ದಿನವೂ ತನ್ನನ್ನು ಮಗಳೇ ಎಂದು ಕರೆದಳು ಅನ್ನುವುದು ಅವಳ ಹತ್ತಿರ ಉಳಿದಿದ್ದ ದೊಡ್ಡ ಆಸ್ತಿ. ಆದರೆ ಅಕ್ಕನದೊಂದು ಮಾತು ಅಷ್ಟು ವರ್ಷ ತಲುಪಬೇಕಾದಲ್ಲಿಗೆ ತಲುಪದೆ ನನ್ನ ಹತ್ತಿರ ಕೂತಿತ್ತು. ಹೇಳಿದೆ. ಮಾಫಿ ಅಂದರೆ ನಿಮ್ಮ ಊರ ಕಡೆ ಕ್ಷಮಿಸು ಅಂತ ಕಣೇ, ಅವಳಿಗೆ ಫ್ರೆಂಚ್ ಎಲ್ಲಿ ಬರುತ್ತಿತ್ತು, ನಿನ್ನನ್ನು ಎರಡು ವರ್ಷ ಬಿಟ್ಟು ಬಂದಿದ್ದಕ್ಕೆ ದಿನಾ ಕ್ಷಮೆ ಕೇಳುತ್ತಿದ್ದಳು ಅಂದೆ. ಸಾಯುವ ಮುಂಚೆ ಆಸ್ಪತ್ರೆಯಲ್ಲೂ ಅದನ್ನೇ ಕೇಳಿದಳು ಅಂದೆ.

ಅವಳು ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದಳು. ಆಮೇಲೆ ಮಗುವಿನ ದನಿಯಲ್ಲಿ, "ಬಟ್ ಐ ಸೆಡ್ ಯೆಸ್," ಅಂದಳು. "ಎವ್ರಿ ಟೈಮ್, ಆಂಟಿ. ಐ ಸೆಡ್ ಯೆಸ್ ಎವ್ರಿ ಟೈಮ್."

"ಹೌದು ಕಂದ. ಅಂದಿದ್ದೀಯ."

"ಅಮ್ಮಂಗೆ ಗೊತ್ತಾಗ್ಲಿಲ್ವಾ?"

ಇಲ್ಲ ಅಂತ ನಾನು ತಲೆ ಅಲ್ಲಾಡಿಸಿದೆ. ನೀನು ಅಣಕಿಸುತ್ತೀಯ ಅಂದುಕೊಂಡಿದ್ದಳು ಅಂತ ಹೇಳಲು ಬಾಯಿ ಬರಲಿಲ್ಲ. ಕೊಟ್ಟ ಉತ್ತರಕ್ಕೇ ಅಕ್ಕ ಕೊನೆಯವರೆಗೂ ಕಾದಳು. ಹುಡುಗಿ ಕಣ್ಣೊರೆಸಿಕೊಂಡು, ಅಮ್ಮ ನನ್ನ ಬಾಯಿಂದ ಏನು ಕೇಳಬೇಕು ಅಂತ ಇದ್ದಳು ಅಂತ ಕೇಳಿದಳು. ನಾನು ಹೇಳಿದೆ. ಮತ್ತೊಮ್ಮೆ ಹೇಳಿ ಅಂದಳು, ಮತ್ತೊಮ್ಮೆ ಹೇಳಿದೆ.

"ಇ-ರ್-ಲಿ ಬಿಡ್ರಿ," ಅಂದಳು. ನಾಲಿಗೆ ಹೊರಳಲಿಲ್ಲ, ಇನ್ನೊಮ್ಮೆ ಅಂದಳು. "ಇರ್ಲಿ ಬಿಡ್ರಿ."

ಹುಬ್ಬಳ್ಳಿಯ ಹುಡುಗಿ ಅಂದ ಹಾಗೇ ಇತ್ತು. ಅವಳು ಅದನ್ನು ನನ್ನ ಮುಖ ನೋಡಿಕೊಂಡು ಹೇಳಿದಳು. ನೋಡಿ ಹೇಳಬೇಕಾಗಿದ್ದ ಮುಖ ಅಲ್ಲಿರಲಿಲ್ಲ.